ಇಬ್ಬರೂ ಸರಿ

ಲಾನ್ಸ್ ಊರಿನ ಲೈಬ್ರರಿಯಲ್ಲಿ ಮೆಕಾನಿಕ್‌ಗಳು ಬರೆಯುವ ಸ್ಟೀರಿಂಗ್-ಸಸ್ಪೆನ್ಷನ್ ಪರೀಕ್ಷೆಯ ಪುಸ್ತಕ ಇದ್ದದ್ದು ಒಂದೇ ಒಂದು. ಆ ಶನಿವಾರ ಬೆಳಿಗ್ಗೆ ಅದು ಡೇನ್ ಪ್ಯಾಸ್ಕೋನ ಕೈಯಲ್ಲಿತ್ತು.

ಸೈಮಾ ಕಂಗಾಸ್ ಬಾಗಿಲಲ್ಲೇ ನಿಂತುಬಿಟ್ಟಳು. ಮೂವತ್ತು ಮೈಲಿ ಹಿಮದ ರಸ್ತೆಯಲ್ಲಿ ಕಾರು ಓಡಿಸಿಕೊಂಡು ಅವಳು ಬಂದದ್ದಾದರೂ ಯಾತಕ್ಕೆ? ಸ್ವಂತ ಊರಾದ ಹ್ಯಾನ್ಕಾಕ್‌ನ ಲೈಬ್ರರಿಗೆ ಹೋದರೆ, ಕಂಗಾಸ್ ಗ್ಯಾರೇಜಿನ ಮಗಳು ಎರಡು ಸಲ ಫೇಲಾಗಿ ಮೂರನೆಯ ಸಲಕ್ಕೆ ಓದುತ್ತಿದ್ದಾಳೆ ಅಂತ ಸಂಜೆಯೊಳಗೆ ಊರಿಗೆಲ್ಲ ಡಂಗುರ. ಅದಕ್ಕೇ ಇಷ್ಟು ದೂರ. ಇಲ್ಲಿ ನೋಡಿದರೆ ಕೂತಿರುವವನು ಯಾರು? ಅವಳ ಗ್ಯಾರೇಜಿನ ಎದುರು ಗ್ಯಾರೇಜಿನವನು! ಹದಿನಾಲ್ಕು ವರ್ಷದಿಂದ ದಿನಾ ಬೆಳಿಗ್ಗೆ ಇಬ್ಬರೂ ಎದುರುಬದುರು ನಿಂತು ಷಟರ್ ಎತ್ತುತ್ತಾರೆ. ಒಂದು ದಿನಕ್ಕೂ ಒಂದು ಹಲೋ ಇಲ್ಲ.

ಅವಳು ನೇರ ಹೋಗಿ ಮೇಜಿನ ಮುಂದೆ ನಿಂತಳು. "ನನ್ನ ಹಿಂದೆ ಬಂದ್ಯಾ?"

ಡೇನ್ ತಲೆ ಎತ್ತಿದ. "ನಾನು ಬಂದು ಒಂದು ಗಂಟೆ ಆಯ್ತು ಮಾರಾಯ್ತಿ. ಹಿಂದೆ ಬರೋನು ಮುಂಚೆನೇ ಬಂದು ಕೂತ್ಕೊಳ್ತಾನಾ?"

"ನಿನ್ನ ಸರ್ಟಿಫಿಕೇಟು ಗೋಡೆ ಮೇಲೇ ಇದೆಯಲ್ಲ. ನಿನಗ್ಯಾಕೆ ಈ ಪುಸ್ತಕ? ನಾನು ಫೇಲಾದದ್ದು ನೋಡಿ ನಗೋಕಾ?"

"ನೀನು ಫೇಲಾಗಿದ್ದೀಯಾ?"

ಸೈಮಾ ನಾಲಿಗೆ ಕಚ್ಚಿಕೊಂಡಳು. ಅವನಿಗೆ ಗೊತ್ತೇ ಇರಲಿಲ್ಲ! ಅಯ್ಯೋ ದೇವರೇ, ಗುಟ್ಟು ಬಿಟ್ಟುಕೊಡುವುದಕ್ಕೆ ಇಡೀ ಮಿಶಿಗನ್ ರಾಜ್ಯದಲ್ಲಿ ಇವನೇ ಸಿಗಬೇಕಿತ್ತೇ?

ಡೇನ್ ನಗಲಿಲ್ಲ. ಅವನ ಕಿವಿಗಳು ಮಾತ್ರ ಕೆಂಪಾದವು. "ಐದು ವರ್ಷಕ್ಕೊಂದು ಸಲ ನಾವೂ ಮತ್ತೆ ಬರೀಬೇಕಲ್ಲ," ಎಂದು ತಗ್ಗಿದ ದನಿಯಲ್ಲಿ ಹೇಳಿದ. "ಊರಲ್ಲಿ ಓದಿದ್ರೆ, ಪ್ಯಾಸ್ಕೋಗೆ ಕೆಲಸ ಮರೆತುಹೋಗಿದೆ ಅಂತಾರೆ. ಅದಕ್ಕೇ ಕದ್ದು ಇಲ್ಲಿಗೆ ಬಂದೆ. ನಿನ್ನ ಹಾಗೇನೇ."

ಹೀಗೆ ಇಬ್ಬರು ಕಳ್ಳರು ಒಂದು ಮೇಜಿನಲ್ಲಿ ಸಿಕ್ಕಿಬಿದ್ದರು. ಪುಸ್ತಕ ಒಂದು, ಓದುವವರು ಇಬ್ಬರು. ಸೈಮಾ ಮುಖ ಊದಿಸಿಕೊಂಡೇ ಕುರ್ಚಿ ಎಳೆದು ಕೂತಳು. ಮುಖ ಊದಿಸಿಕೊಂಡರೇನು, ಅವಳಿಗೆ ಬೇರೆ ದಾರಿ ಇರಲಿಲ್ಲ.

ವಿಷಯ ಇಷ್ಟು. ಆ ರಾಜ್ಯದ ಕಾನೂನಿನಲ್ಲಿ ಸರ್ಟಿಫಿಕೇಟು ಇಲ್ಲದ ಗ್ಯಾರೇಜು ಕಾರಿನ ಸ್ಟೀರಿಂಗ್ ಮುಟ್ಟುವ ಹಾಗಿಲ್ಲ. ಕಂಗಾಸ್ ಗ್ಯಾರೇಜಿನಲ್ಲಿ ಅದಿದ್ದದ್ದು ಸೈಮಾಳ ಅಪ್ಪ ಅರ್ವೋ ಒಬ್ಬರಿಗೇ. ಅರವತ್ತೆಂಟು ದಾಟಿದ ಅವರ ಬಲಗೈ ಈಗ ನಡುಗುತ್ತದೆ. ಮಾರ್ಚ್ ಮೂವತ್ತೊಂದಕ್ಕೆ ಅವರ ಸರ್ಟಿಫಿಕೇಟಿನ ಅವಧಿ ಮುಗಿಯುತ್ತದೆ, ಮತ್ತೆ ಬರೆಯಲು ಅವರು ಒಪ್ಪುವವರಲ್ಲ. ಅಷ್ಟರೊಳಗೆ ಮಗಳು ಪಾಸಾಗಬೇಕು. ಆಗದಿದ್ದರೆ ನಲವತ್ತು ವರ್ಷ ನಡೆದ ಕೆಲಸವನ್ನು ಕೈಯಾರೆ ಎದುರುಗಡೆಯ ಪ್ಯಾಸ್ಕೋ ಗ್ಯಾರೇಜಿಗೆ ದಾಟಿಸಬೇಕು. ಅರ್ವೋಗೆ ಅದಕ್ಕಿಂತ ಸಾವೇ ಮೇಲು.

ಅವಳಿಗೆ ಕೆಲಸ ಬರುವುದಿಲ್ಲವೇ? ಛೆ! ಚಕ್ರ ಹಿಡಿದು ಒಂದು ಸಲ ಅಲುಗಿಸಿದರೆ ಯಾವ ಜಾಯಿಂಟ್ ಸವೆದಿದೆ ಅಂತ ಕಣ್ಣು ಮುಚ್ಚಿ ಹೇಳುತ್ತಾಳೆ. ಆದರೆ ಪರೀಕ್ಷೆಯಲ್ಲಿ ಚಕ್ರ ಇರುವುದಿಲ್ಲ, ಪ್ರಶ್ನೆಗಳಿರುತ್ತವೆ. ಮೆಕಾನಿಕ್ ಎ ಹೀಗೆ ಹೇಳುತ್ತಾನೆ, ಮೆಕಾನಿಕ್ ಬಿ ಹಾಗೆ ಹೇಳುತ್ತಾನೆ, ಯಾರು ಸರಿ? ಎ ಮಾತ್ರ, ಬಿ ಮಾತ್ರ, ಇಬ್ಬರೂ ಸರಿ, ಇಬ್ಬರೂ ತಪ್ಪು. ನಾಲ್ಕು ಗೂಡು, ಒಂದಕ್ಕೆ ಗುರುತು.

*

ಎರಡನೆಯ ಶನಿವಾರ ಡೇನ್ ಅವಳ ಅಭ್ಯಾಸದ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡ. ಹನ್ನೊಂದು ತಪ್ಪು. ಅವನು ಒಂದೊಂದರ ಮೇಲೂ ಬೆರಳಿಟ್ಟು ನೋಡುತ್ತ ಹೋದ. ಅವನ ಬೆರಳ ಗೆಣ್ಣಿನ ಮೇಲೆ ಹಳೆಯ ಗಾಯದ ಗೆರೆ ಇತ್ತು, ಉಗುರಿನ ಸುತ್ತ ಎಷ್ಟು ತೊಳೆದರೂ ಹೋಗದ ಗ್ರೀಸ್ ಇತ್ತು. ತನ್ನ ಉಗುರೂ ಹಾಗೇ ಇದೆ ಎಂದು ಸೈಮಾಗೆ ಯಾಕೋ ಖುಷಿಯಾಯಿತು. ಖುಷಿಯಾಯಿತಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು.

"ಸೈಮಾ, ಒಂದು ವಿಚಿತ್ರ ನೋಡು."

"ಏನು?"

"ಹನ್ನೊಂದಕ್ಕೆ ಹನ್ನೊಂದರಲ್ಲೂ ಸರಿ ಉತ್ತರ ಒಂದೇ. ಇಬ್ಬರೂ ಸರಿ. ನೀನು ಆ ಗೂಡಿಗೆ ಪೆನ್ಸಿಲೇ ಇಟ್ಟಿಲ್ಲ. ನಿನ್ನ ಕಣ್ಣಿಗೆ ಅದು ಕಾಣಿಸೋದೇ ಇಲ್ವೇನೇ?"

"ಇಬ್ಬರೂ ಸರಿ ಅನ್ನೋದು ಹೆದರುಪುಕ್ಕಲರ ಉತ್ತರ. ಕಾರು ಒಂದು, ರೋಗ ಒಂದು. ಒಬ್ಬ ಸರಿ ಅಂದ್ರೆ ಇನ್ನೊಬ್ಬ ತಪ್ಪು."

"ಯಾರು ಹೇಳಿದ್ದು?"

"ನಮ್ಮಪ್ಪ."

"ಹಂಗಾದ್ರೆ ನಿಮ್ಮಪ್ಪ ಮಾತ್ರ ಸರಿ ಅನ್ನೋ ಗೂಡನ್ನ ಪರೀಕ್ಷೆಯವರು ಐದನೆಯದಾಗಿ ಹಾಕ್ಬೇಕಿತ್ತು," ಎಂದ ಡೇನ್.

ಸೈಮಾ ಪೆನ್ಸಿಲಿನಿಂದ ಅವನ ಕೈಗೆ ಒಂದು ಬಿಟ್ಟಳು. ಲೈಬ್ರರಿಯಾಕೆ ಕನ್ನಡಕದ ಮೇಲಿನಿಂದ ನೋಡಿದಳು. ಇಬ್ಬರೂ ತಲೆ ತಗ್ಗಿಸಿ ನಗು ತಡೆದುಕೊಂಡರು.

ಮಧ್ಯಾಹ್ನ ಅವನ ಟ್ರಕ್ಕಿನಲ್ಲಿ ಕೂತು ಊಟ. ಇಬ್ಬರೂ ಮನೆಯಿಂದ ತಂದದ್ದು ಪಾಸ್ಟಿಯೇ. ಮಾಂಸ, ಆಲೂಗಡ್ಡೆ ತುಂಬಿ ಬೇಯಿಸಿದ ಆ ಕಡುಬು ಇಲ್ಲದೆ ಆ ಊರಿನವರಿಗೆ ಶನಿವಾರ ಆಗುವುದಿಲ್ಲ. ಆದರೆ ಸೈಮಾಳದರಲ್ಲಿ ಕ್ಯಾರೆಟ್ ಇತ್ತು.

"ಕ್ಯಾರೆಟ್ಟಾ!" ಡೇನ್ ಎದೆ ಹಿಡಿದುಕೊಂಡ. "ನಮ್ಮಜ್ಜಿ ನೋಡಿದ್ರೆ ಪ್ರಾಣ ಬಿಡ್ತಿದ್ರು. ನೀವು ಫಿನ್‌ಲ್ಯಾಂಡಿನವರು ನಮ್ಮವರ ಪಾಸ್ಟಿ ಕದ್ದಿದ್ದೂ ಅಲ್ಲದೆ ಅದಕ್ಕೆ ಮೊಲದ ಊಟ ತುಂಬಿದ್ರಲ್ಲೇ!"

"ನೀನು ಟೊಮೆಟೊ ಸಾಸ್ ಸುರ್ಕೊಂಡು ತಿಂತೀಯಲ್ಲ, ಅದಕ್ಕೆ ನಮ್ಮಜ್ಜಿ ಏನಂತಿದ್ರು ಗೊತ್ತಾ?"

"ಏನು?"

"ಅಂಥ ಮನೆಗೆ ಹೆಣ್ಣು ಕೊಡಬಾರದು ಅಂತಿದ್ರು."

ಮಾತು ಬಾಯಿಂದ ಜಾರಿದ ಮೇಲೆ ಅದರ ಅರ್ಥ ಹೊಳೆಯಿತು. ಸೈಮಾ ಕಿಟಕಿಯಾಚೆ ಹಿಮ ನೋಡತೊಡಗಿದಳು. ಡೇನ್ ತನ್ನ ಪಾಸ್ಟಿಯ ಅರ್ಧ ಮುರಿದು ಅವಳ ಕಾಗದದಲ್ಲಿಟ್ಟು, ಕೇಳದೆಯೇ ಅವಳದರ ಅರ್ಧ ಎತ್ತಿಕೊಂಡ. ಕ್ಯಾರೆಟ್ ಸಮೇತ ಅಗಿದು ನುಂಗಿದ.

"ಕೆಟ್ಟದಾಗೇನಿಲ್ಲ," ಎಂದ.

*

ಮೂರನೆಯ ಶನಿವಾರ ಜಗಳ ಆಗಿಯೇ ಹೋಯಿತು.

ಪ್ರಶ್ನೆ ಓದಿದವನು ಡೇನ್. "ಕಾರು ಬಲಕ್ಕೆ ಎಳೆಯುತ್ತೆ. ಮುಂದಿನ ಎರಡು ಟೈರು ಅದಲುಬದಲು ಮಾಡಿದ್ರೆ ನೇರ ಹೋಗುತ್ತೆ. ಟೈರಿನ ದೋಷ ಅಂತಾನೆ ಎ. ಸಸ್ಪೆನ್ಷನ್‌ನಲ್ಲೂ ದೋಷ ಇರಬಹುದು ಅಂತಾನೆ ಬಿ."

"ಎ ಮಾತ್ರ," ಎಂದಳು ಸೈಮಾ. "ಟೈರು ಬದಲಾಯಿಸಿದ ತಕ್ಷಣ ನೇರ ಹೋಯ್ತಲ್ಲ. ಇನ್ನೇನು ಬೇಕು?"

"ಇಬ್ಬರೂ ಸರಿ."

"ಸಾಧ್ಯವೇ ಇಲ್ಲ."

ಡೇನ್ ಪುಸ್ತಕ ಮುಚ್ಚಿದ. "ಇದು ಪಾದ್ರಿ ಕಾರು, ಅಲ್ವಾ?"

ಪಾದ್ರಿ ಕಾರು ಎಂದರೆ ಹ್ಯಾನ್ಕಾಕ್‌ನಲ್ಲಿ ಎಲ್ಲರಿಗೂ ಗೊತ್ತು. ಇಪ್ಪತ್ತಾರು ವರ್ಷದ ಹಿಂದೆ ಅರ್ವೋ ಕಂಗಾಸ್, ಡೇನ್‌ನ ಅಪ್ಪ ಹ್ಯಾರಿ ಪ್ಯಾಸ್ಕೋ ಇಬ್ಬರೂ ಒಂದೇ ಗ್ಯಾರೇಜಿನ ಪಾಲುದಾರರು, ಜೀವದ ಗೆಳೆಯರು. ಚರ್ಚಿನ ಪಾದ್ರಿಯ ಕಾರು ಬಲಕ್ಕೆ ಎಳೆಯುತ್ತಿದೆ ಅಂತ ಬಂತು. ಟೈರು ಅಂದರು ಅರ್ವೋ. ಸಸ್ಪೆನ್ಷನ್ನಿನ ಸ್ಪ್ರಿಂಗು ಅಂದರು ಹ್ಯಾರಿ. ಅರ್ವೋ ಟೈರು ಅದಲುಬದಲು ಮಾಡಿದರು, ಕಾರು ನೇರ ಹೋಯಿತು. ಹ್ಯಾರಿ ಹೊಸ ಟೈರು ಹಾಕಿದರು, ಕಾರು ಮತ್ತೆ ಬಲಕ್ಕೆ ಎಳೆಯಿತು. ಮಾತಿಗೆ ಮಾತು ಬೆಳೆದು 'ನೀನು ಸುಳ್ಳುಗಾರ' ಅನ್ನುವವರೆಗೆ ಹೋಯಿತು. ಆಮೇಲೆ ಒಂದು ಗ್ಯಾರೇಜು ಎರಡಾಗಿ, ರಸ್ತೆಯ ಈ ಕಡೆ ಒಬ್ಬರು, ಆ ಕಡೆ ಒಬ್ಬರು. ಹ್ಯಾರಿ ಈಗ ಮಗನಿಗೆ ಗ್ಯಾರೇಜು ಬಿಟ್ಟು ಅರಿಜೋನಾದ ಬಿಸಿಲಿನಲ್ಲಿದ್ದಾರೆ. ಮಾತು ಮಾತ್ರ ಇವತ್ತಿಗೂ ಇಲ್ಲ.

"ನಮ್ಮಪ್ಪ ಆ ಕಾರನ್ನ ಸ್ವತಃ ಓಡಿಸಿ ನೋಡಿದ್ದಾರೆ," ಎಂದಳು ಸೈಮಾ. "ನಮ್ಮಪ್ಪ ಸುಳ್ಳು ಹೇಳಲ್ಲ."

"ನಮ್ಮಪ್ಪನೂ ಹೇಳಲ್ಲ ಕಣೇ. ಅದನ್ನೇ ನಾನು ಹೇಳ್ತಿರೋದು!"

ಅವಳು ಕೋಟು ಎಳೆದುಕೊಂಡು ಹೊರಟೇಬಿಟ್ಟಳು. ಮೂವತ್ತು ಮೈಲಿಯುದ್ದಕ್ಕೂ ಅವನನ್ನು ಬೈದಳು. ಬೈದು ಬೈದು ಸಾಕಾದ ಮೇಲೆ, ಅವನ ಮಾತೇ ತಲೆಯಲ್ಲಿ ಕೊರೆಯತೊಡಗಿತು.

ಭಾನುವಾರ ಬೆಳಿಗ್ಗೆ ಅಪ್ಪ ಚರ್ಚಿಗೆ ಹೋದ ಹೊತ್ತಿನಲ್ಲಿ ಅವಳು ಗ್ಯಾರೇಜಿನ ಬೀಗ ತೆಗೆದಳು. ವಾದ ಮಾಡಿ ಗೆಲ್ಲುವ ಜಾಯಮಾನ ಅವಳದಲ್ಲ. ಅವಳು ಮಾಡಿ ನೋಡುವವಳು. ಬಲಕ್ಕೆ ಎಳೆಯುತ್ತದೆ ಅಂತ ಕಳೆದ ವರ್ಷ ಯಾರದೋ ಕಾರಿನಿಂದ ಬಿಚ್ಚಿಟ್ಟಿದ್ದ ಟೈರನ್ನು ಮೂಲೆಯಿಂದ ಉರುಳಿಸಿ ತಂದು ತನ್ನ ಕಾರಿಗೆ ಹಾಕಿದಳು. ಮುಂದಿನ ಚಕ್ರ ನಿಲ್ಲುವ ಕೋನವನ್ನು, ಅಂದರೆ ಅಲೈನ್‌ಮೆಂಟನ್ನು, ಬೇಕೆಂದೇ ಒಂದಿಷ್ಟು ಬಲಕ್ಕೆ ಕೆಡಿಸಿದಳು. ಕುಸಿದ ಸ್ಪ್ರಿಂಗು ಕೆಡಿಸುವುದೂ ಅದನ್ನೇ. ಈಗ ರೋಗ ಒಂದಲ್ಲ, ಎರಡು.

ರಸ್ತೆಗೆ ಇಳಿಸಿದಾಗ ಕಾರು ಜೋರಾಗಿ ಬಲಕ್ಕೆ ಎಳೆಯಿತು. ವಾಪಸು ಬಂದು ಟೈರು ಅದಲುಬದಲು ಮಾಡಿದಳು. ಈಗ ಟೈರು ಎಡಕ್ಕೆ ಎಳೆಯಿತು, ಅಲೈನ್‌ಮೆಂಟು ಬಲಕ್ಕೆ ಎಳೆಯಿತು, ಕಾರು ದಾರ ಹಿಡಿದ ಹಾಗೆ ನೇರ ಹೋಯಿತು. ಒಳ್ಳೆಯ ಟೈರು ಹಾಕಿದಳು. ಕಾರು ಮತ್ತೆ ಬಲಕ್ಕೆ ವಾಲಿತು.

ಅಪ್ಪನೂ ನಿಜ ಹೇಳಿದ್ದರು. ಹ್ಯಾರಿಯೂ ನಿಜ ಹೇಳಿದ್ದರು. ಇಬ್ಬರ ಕೈಯಲ್ಲೂ ಸಾಕ್ಷಿ ಇತ್ತು, ಅದಕ್ಕೇ ಇಬ್ಬರೂ ಬಗ್ಗಲಿಲ್ಲ. ಸೈಮಾ ಕಾರು ನಿಲ್ಲಿಸಿ ಒಬ್ಬಳೇ ನಕ್ಕಳು, ನಗುತ್ತಲೇ ಅತ್ತಳು. ಆಮೇಲೆ ಡೇನ್‌ಗೆ ಫೋನು ಮಾಡಿದಳು.

"ಕೆರೆ ರಸ್ತೆಗೆ ಬಾ. ಈಗಲೇ."

"ಯಾಕೆ, ಹೊಡೀತೀಯಾ?"

"ಬಾರೋ ಅಂದ್ರೆ!"

ಅವನು ಬಂದ. ಅಷ್ಟರಲ್ಲಿ ಅವಳು ಒಳ್ಳೆಯ ಟೈರು ಬಿಚ್ಚಿ, ಕೆಟ್ಟ ಟೈರನ್ನೇ ಮತ್ತೆ ಆ ಇನ್ನೊಂದು ಬದಿಗೆ ಹಾಕಿದ್ದಳು. ಪಕ್ಕದ ಸೀಟಿನಲ್ಲಿ ಅವನನ್ನು ಕೂರಿಸಿಕೊಂಡು, ಖಾಲಿ ರಸ್ತೆಯಲ್ಲಿ ನಲವತ್ತು ಮೈಲಿ ವೇಗಕ್ಕೆ ಹೋಗಿ ಸ್ಟೀರಿಂಗ್‌ನಿಂದ ಎರಡೂ ಕೈ ಎತ್ತಿದಳು.

ಡೇನ್ ಉಸಿರು ಬಿಗಿಹಿಡಿದ. ಎಡಗಡೆ ಹೆಪ್ಪುಗಟ್ಟಿದ ಸರೋವರ, ಬಲಗಡೆ ಹಿಮ ಹೊತ್ತ ಮರಗಳು, ನಡುವೆ ಕಾರು ನೇರ, ನೇರ, ನೇರ. ಗೆಲುವಿನ ಉತ್ಸಾಹದಲ್ಲಿ ಸೈಮಾ ಅವನ ಕಡೆ ತಿರುಗಿದಳು. ಅವನು ರಸ್ತೆ ನೋಡುತ್ತಿರಲಿಲ್ಲ, ಅವಳನ್ನು ನೋಡುತ್ತಿದ್ದ.

"ಎರಡು ರೋಗ ಇದೆ ಇದಕ್ಕೆ," ಎಂದಳು ಅವಳು. "ನಾನೇ ಇಟ್ಟಿದ್ದು. ನೀನು ಹೇಳಿದ್ದು ಸರಿ."

"ಮತ್ತೆ ನಿಮ್ಮಪ್ಪ?"

"ಅವರೂ ಸರಿ."

"ಸೈಮಾ, ಒಂದು ವಿಷಯ ಹೇಳ್ಲಾ?"

"ಹೇಳು."

"ಮೊದಲು ಸ್ಟೀರಿಂಗ್ ಹಿಡ್ಕೋ ಮಾರಾಯ್ತಿ. ಎದುರಿಂದ ಕಾರು ಬರ್ತಿದೆ."

ಅವಳು ಗಕ್ಕನೆ ಸ್ಟೀರಿಂಗ್ ಹಿಡಿದಳು. ಎದುರಿನ ಕಾರು ನಿಧಾನವಾಗಿ ದಾಟಿತು. ಅದರಲ್ಲಿದ್ದವರು ಶಾಲೆಯ ಅಡುಗೆಯ ಹಿಲ್ಮಾ ಆಂಟಿ. ಅವರು ಇಬ್ಬರನ್ನೂ ಕಣ್ತುಂಬ ನೋಡಿ, ಕೈ ಬೀಸಿ, ಮುಂದೆ ಹೋದರು. ಡೇನ್‌ನ ಬಾಯಲ್ಲಿದ್ದ ವಿಷಯ ಬಾಯಲ್ಲೇ ಉಳಿಯಿತು.

*

ಹಿಲ್ಮಾ ಆಂಟಿಯ ಕಣ್ಣಿಗೆ ಬಿದ್ದದ್ದು ರೇಡಿಯೋದಲ್ಲಿ ಬಂದ ಹಾಗೆಯೇ. ಸೋಮವಾರ ಬೆಳಿಗ್ಗೆ ಅರ್ವೋ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿದರು.

"ಆ ಮನೆಯವನನ್ನ ಕಾರಲ್ಲಿ ಕೂರಿಸ್ಕೊಂಡು ಹೋದ್ಯಂತೆ? ಅವನ ಹತ್ರ ಪಾಠ ಹೇಳಿಸ್ಕೊಳ್ತಿದ್ದೀಯಾ?"

"ಹೌದಪ್ಪ."

"ನನ್ನನ್ನ ಸುಳ್ಳುಗಾರ ಅಂದ ಮನೆ ಅದು! ಅವನು ಕಲಿಸಿ ಬಂದ ಸರ್ಟಿಫಿಕೇಟು ನನ್ನ ಗೋಡೆ ಹತ್ತೋದಿಲ್ಲ. ಗ್ಯಾರೇಜು ಮುಚ್ಚಿದ್ರೂ ಸರಿ."

ಸೈಮಾಗೆ ಅಪ್ಪನ ನಡುಗುವ ಕೈ ಕಂಡಿತು. ಪಾದ್ರಿ ಕಾರಿನ ವಿಷಯ ಈಗಲೇ ಹೇಳಿಬಿಡೋಣವೇ? ಎರಡು ಸಲ ಫೇಲಾದವಳ ಮಾತನ್ನು ಅಪ್ಪ ಕೇಳುತ್ತಾರೆಯೇ?

"ಮೊದಲು ಸರ್ಟಿಫಿಕೇಟು ತರ್ತೀನಿ," ಎಂದಳು. "ಗೋಡೆ ವಿಷಯ ಆಮೇಲೆ ಮಾತಾಡೋಣ."

ಶುಕ್ರವಾರ ಪರೀಕ್ಷೆ. ತಿಂಗಳು ಮುಗಿಯುವುದಕ್ಕೆ ಮುಂಚೆ ಅದೇ ಕೊನೆಯದು. ನೂರು ಮೈಲಿ ದೂರದ ಕೇಂದ್ರಕ್ಕೆ ಇಬ್ಬರೂ ಬೇರೆ ಬೇರೆ ಹೋದರು. ಸೈಮಾ ಕಂಪ್ಯೂಟರಿನ ಮುಂದೆ ಕೂತಳು. ಮೊದಲ ಪ್ರಶ್ನೆ ಬಂತು, ಎರಡನೆಯದು ಬಂತು. ಮೆಕಾನಿಕ್ ಎ ಹೇಳುತ್ತಾನೆ, ಮೆಕಾನಿಕ್ ಬಿ ಹೇಳುತ್ತಾನೆ. ಈ ಸಲ ಅವಳು ಯಾರ ಪರವೂ ವಹಿಸಲಿಲ್ಲ. ಎ ಹೇಳಿದ್ದನ್ನು ಮನಸ್ಸಿನಲ್ಲೇ ಕಾರಿಗೆ ಜೋಡಿಸಿ ಓಡಿಸಿದಳು, ಬಿ ಹೇಳಿದ್ದನ್ನೂ ಜೋಡಿಸಿ ಓಡಿಸಿದಳು. ಒಂಬತ್ತನೆಯ ಪ್ರಶ್ನೆಗೆ ಜೀವಮಾನದಲ್ಲೇ ಮೊದಲ ಬಾರಿ 'ಇಬ್ಬರೂ ಸರಿ' ಎಂಬ ಮೂರನೆಯ ಗೂಡನ್ನು ಒತ್ತಿದಳು. ಆಕಾಶವೇನೂ ತಲೆಯ ಮೇಲೆ ಬೀಳಲಿಲ್ಲ.

ಕೊನೆಯ ಗುಂಡಿ ಒತ್ತಿ ಕಣ್ಣು ಮುಚ್ಚಿದಳು. ತೆರೆದಾಗ ಪರದೆಯ ಮೇಲೆ ಹಸಿರು ಅಕ್ಷರದಲ್ಲಿ 'ಪಾಸ್' ಎಂದಿತ್ತು.

ಹೊರಗೆ ಡೇನ್ ಟ್ರಕ್ಕಿಗೆ ಒರಗಿ ನಿಂತಿದ್ದ. ಅವಳ ಮುಖ ನೋಡಿದವನೇ, ಕೇಳುವುದಕ್ಕೂ ನಿಲ್ಲದೆ, ಟೋಪಿ ತೆಗೆದು ಗಾಳಿಗೆ ಎಸೆದ. ತೋಳು ಚಾಚಿ ಓಡಿ ಬಂದ. ಸೈಮಾ ಅವನ ಎದೆಗೆ ಅಂಗೈ ಒತ್ತಿ ತಡೆದಳು.

"ಇಲ್ಲಿ ಬೇಡ."

"ಯಾಕೆ? ಇಲ್ಲಿ ಯಾರೂ ಇಲ್ಲ."

"ಅದಕ್ಕೇ ಬೇಡ. ಕದ್ದು ಓದಿದ್ದು ಸಾಕು, ಕದ್ದು ಊಟ ಮಾಡಿದ್ದು ಸಾಕು. ನೀನು ಅವತ್ತು ಹೇಳ್ಬೇಕು ಅಂದ್ಕೊಂಡಿದ್ದು ನಂಗೆ ಗೊತ್ತು ಕಣೋ. ಅದನ್ನ ನಾನು ಎಲ್ಲರ ಮುಂದೆ ಕೇಳ್ಬೇಕು."

ಅವಳ ಅಂಗೈಯ ಕೆಳಗೆ ಅವನ ಎದೆ ಹೊಡೆದುಕೊಳ್ಳುತ್ತಿತ್ತು. ಕೈ ತೆಗೆಯಲು ಅವಳಿಗೂ ಮನಸ್ಸು ಬರಲಿಲ್ಲ.

*

ಈಸ್ಟರ್‌ಗೆ ಮುಂಚಿನ ಶುಕ್ರವಾರಗಳಲ್ಲಿ ಹ್ಯಾನ್ಕಾಕ್‌ನ ಅರ್ಧ ಊರು ಸಂಜೆ ಐದೂವರೆಗೆ ಚರ್ಚ್ ಹಾಲಿನಲ್ಲಿ ಮಾಂಸ ಬಿಟ್ಟು ಮೀನೂಟಕ್ಕೆ ಕೂತಿರುತ್ತದೆ. ಪರೀಕ್ಷೆಯ ದಿನ ಸಂಜೆಯೂ ಅರ್ವೋ ಗೋಡೆ ಬದಿಯ ಮೇಜಿನಲ್ಲಿದ್ದರು. ತಟ್ಟೆ ಮುಟ್ಟಿರಲಿಲ್ಲ. ಕಣ್ಣು ಬಾಗಿಲ ಮೇಲಿತ್ತು.

ಸೈಮಾ ಒಳಗೆ ಬಂದಳು. ಅವಳ ಹಿಂದೆ ಡೇನ್ ಬಂದ. ಹಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಅವಳು ಅಪ್ಪನ ಮುಂದೆ ಕಾಗದ ಇಟ್ಟಳು. ಅರ್ವೋ ಕನ್ನಡಕ ಹಾಕಿಕೊಂಡು ಓದಿದರು, ಮತ್ತೊಂದು ಸಲ ಓದಿದರು.

"ಪಾಸು," ಎಂದರು. ಮುಖ ಎತ್ತದೆಯೇ ಕೇಳಿದರು. "ಅವನು?"

"ಅವನೂ ಪಾಸು. ನನಗಿಂತ ಎರಡು ಮಾರ್ಕು ಕಮ್ಮಿ."

"ಮೂರು," ಎಂದ ಡೇನ್ ಹಿಂದಿನಿಂದ.

ಯಾರೋ ಕಿಸಕ್ಕೆಂದರು. ಸೈಮಾ ಅಪ್ಪನ ಎದುರು ಕೂತು ಅವರ ನಡುಗುವ ಕೈ ಹಿಡಿದುಕೊಂಡಳು. "ಅಪ್ಪಾ, ಪಾದ್ರಿ ಕಾರು ನೀವು ಟೈರು ಬದಲಾಯಿಸಿದಾಗ ನೇರ ಹೋಯ್ತು, ಅಲ್ವಾ?"

"ನಾನೇ ಕೈ ಬಿಟ್ಟು ಓಡಿಸಿ ನೋಡಿದೀನಿ!"

"ಹೋಗಿರುತ್ತೆ. ಹ್ಯಾರಿ ಅಂಕಲ್ ಹೊಸ ಟೈರು ಹಾಕಿದಾಗ ಬಲಕ್ಕೆ ಎಳೆದಿದ್ದೂ ನಿಜ. ಟೈರೂ ಕೆಟ್ಟಿತ್ತು, ಸ್ಪ್ರಿಂಗೂ ಕುಸಿದಿತ್ತು. ಟೈರು ತಿರುಗಿಸಿ ಹಾಕಿದಾಗ ಒಂದನ್ನ ಇನ್ನೊಂದು ಎಳೆದು ಹಿಡ್ಕೊಳ್ತು, ಅಷ್ಟೇ. ಬಾಯಿಮಾತಲ್ಲ ಅಪ್ಪ. ನನ್ನ ಕಾರಿಗೆ ಎರಡೂ ರೋಗ ಇಟ್ಟು ಓಡಿಸಿದೆ."

"ನೀನೇ ಮಾಡಿ ನೋಡಿದ್ಯಾ?"

"ನಾಲ್ಕು ಸಲ."

ಅರ್ವೋ ಮೇಜಿನ ಮೇಲೆ ಬೆರಳಿನಿಂದ ಚಕ್ರಗಳನ್ನು ಬರೆದರು, ಅದಲುಬದಲು ಮಾಡಿದರು, ಮತ್ತೆ ಬರೆದರು. ಬರೆಯುತ್ತ ಬರೆಯುತ್ತ ಬೆರಳು ನಿಂತಿತು. ಅವರು ಮೆಕಾನಿಕ್. ಹಠಮಾರಿ ನಿಜ, ಆದರೆ ಮಾಡಿ ನೋಡಿದ್ದನ್ನು ಇಲ್ಲ ಅನ್ನುವವರಲ್ಲ.

"ಇಪ್ಪತ್ತಾರು ವರ್ಷ," ಎಂದರು ಮೆಲ್ಲಗೆ. ಆಮೇಲೆ ತಲೆ ಎತ್ತಿ ಗದರಿದರು. "ಲೋ ಹುಡುಗ! ಅಲ್ಲೇನು ಕಂಬದ ಹಾಗೆ ನಿಂತಿದ್ದೀಯ? ನಿಮ್ಮಪ್ಪನಿಗೆ ಫೋನು ಹಚ್ಚು."

ಡೇನ್ ತಡಬಡಾಯಿಸಿ ಫೋನು ಹಚ್ಚಿ ಕೊಟ್ಟ. ಇಡೀ ಹಾಲು ಮೀನು ಮರೆತು ಕಿವಿ ನೆಟ್ಟಿತು.

"ಹ್ಯಾರಿ? ನಾನು, ಅರ್ವೋ... ಇಲ್ಲ, ಇಲ್ಲ, ಯಾರೂ ಸತ್ತಿಲ್ಲ. ಕೇಳಿಲ್ಲಿ. ನಿನ್ನ ಸ್ಪ್ರಿಂಗೂ ನಿಜ, ನನ್ನ ಟೈರೂ ನಿಜ. ಎರಡೂ ಇತ್ತು ಕಣಯ್ಯಾ. ನಾನು ಆಡಬಾರದ ಮಾತು ಆಡಿಬಿಟ್ಟೆ."

ಫೋನಿನ ಆ ಕಡೆಯಿಂದ ಕೇಳಿಸಿದ್ದು ನಗುವೋ ಅಳುವೋ ಯಾರಿಗೂ ಗೊತ್ತಾಗಲಿಲ್ಲ.

ಸೈಮಾ ಎದ್ದು ಡೇನ್‌ನ ಮುಂದೆ ನಿಂತಳು. ಅವನ ಕಿವಿಗಳು ಹಾಲಿನ ಆ ತುದಿಗೂ ಕಾಣುವಷ್ಟು ಕೆಂಪಾಗಿದ್ದವು.

"ಈಗ ಹೇಳು," ಎಂದಳು.

"ಇಷ್ಟು ಜನರ ಮುಂದೆನಾ?"

"ಹೂಂ."

ಡೇನ್ ಒಮ್ಮೆ ಸುತ್ತ ನೋಡಿದ. ಹಿಲ್ಮಾ ಆಂಟಿ ಮೀನಿನ ತಟ್ಟೆ ಹಿಡಿದುಕೊಂಡೇ ನಾಲ್ಕು ಹೆಜ್ಜೆ ಹತ್ತಿರ ಬಂದು ನಿಂತಿದ್ದರು.

"ಹದಿನಾಲ್ಕು ವರ್ಷದಿಂದ ನಾನು ಬೆಳಿಗ್ಗೆ ಏಳಕ್ಕೆ ಷಟರ್ ಎತ್ತೋದು ಗಿರಾಕಿ ಬರ್ತಾರೆ ಅಂತ ಅಲ್ಲ," ಎಂದ. "ಏಳಕ್ಕೆ ನೀನೂ ಎತ್ತುತ್ತೀಯ ಅಂತ. ನೀನಂದ್ರೆ ನಂಗೆ ಪ್ರಾಣ ಸೈಮಾ. ಮದುವೆ ಆಗ್ತೀಯಾ?"

"ಆಗ್ತೀನಿ," ಎಂದಳು ಸೈಮಾ. "ಆಗ್ದೆ ಬಿಡ್ತೀನಾ? ಎಂಟಕ್ಕೆ ತೆಗೆಯೋ ಗ್ಯಾರೇಜನ್ನ ನಾನು ಏಳಕ್ಕೆ ತೆಗೀತಿದ್ದದ್ದು ಯಾಕೆ ಅಂದ್ಕೊಂಡೆ?"

ಅವಳು ಅವನ ಕೊರಳಪಟ್ಟಿ ಹಿಡಿದು ಎಳೆದು, ಇಡೀ ಹ್ಯಾನ್ಕಾಕ್‌ನ ಕಣ್ಣೆದುರು ಮುತ್ತಿಟ್ಟಳು. ಹಾಲಿನಲ್ಲಿ ಮೇಜು ಬಡಿಯುವ ಸದ್ದು, ಶಿಳ್ಳೆ, ಕೇಕೆ. ಹಿಲ್ಮಾ ಆಂಟಿಯ ಕೈಯಲ್ಲಿದ್ದ ತಟ್ಟೆ ನೆಲಕ್ಕೆ ಬಿತ್ತು.

ಅರ್ವೋ ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡಿದ್ದರು.

"ಏನು ಗಲಾಟೆ ಅಲ್ಲಿ?" ಎಂದು ಹ್ಯಾರಿ ಅರಿಜೋನಾದಿಂದ ಅರಚುತ್ತಿದ್ದರು. "ಅರ್ವೋ? ಏನಾಯ್ತಯ್ಯಾ?"

"ಇರು ಹ್ಯಾರಿ, ಇರು," ಎಂದರು ಅರ್ವೋ. "ಕಣ್ಣು ಒರೆಸ್ಕೊಂಡು ಹೇಳ್ತೀನಿ. ಬೀಗರಾದ್ವಿ ಕಣಯ್ಯಾ."